ಬೆಟ್ಟದ ರೆಸಾರ್ಟ್‌ನಲ್ಲಿ ಸೀಸನ್ ಕೆಲಸ: ಕೈಗೆ ಎಷ್ಟು ಬರುತ್ತದೆ?

ಪದೇ ಪದೇ ಕೇಳುವ ಪ್ರಶ್ನೆಗಳು

ಗಣೇಶನ ಹಬ್ಬ ಕಳೆಯುತ್ತಿದ್ದಂತೆ ನನ್ನ ಫೋನಿಗೆ ಬಿಡುವಿರುವುದಿಲ್ಲ. ಹುಣಸೂರು, ಪಿರಿಯಾಪಟ್ಟಣ, ಅರಕಲಗೂಡು, ಕಡೂರು ಕಡೆಯ ಹುಡುಗರು ಕರೆ ಮಾಡುತ್ತಾರೆ: “ಅಣ್ಣಾ, ಕೊಡಗಿನ ರೆಸಾರ್ಟಿಗೆ ಕರೆಯುತ್ತಿದ್ದಾರೆ, ಹೋಗಬಹುದೇ?” ಕೊಡಗು ಮತ್ತು ಚಿಕ್ಕಮಗಳೂರಿನ ರೆಸಾರ್ಟ್‌ಗಳಲ್ಲಿ ಹನ್ನೊಂದು ಸೀಸನ್ ಕಳೆದವನು ನಾನು. ರೂಂ ಬಾಯ್ ಆಗಿ ಸೇರಿದೆ, ಈಗ ಹೌಸ್‌ಕೀಪಿಂಗ್ ಸೂಪರ್‌ವೈಸರ್. ಒಬ್ಬೊಬ್ಬರಿಗೂ ಹೇಳಿ ಹೇಳಿ ಬಾಯಿ ನೋಯಿಸಿಕೊಳ್ಳುವ ಬದಲು ಒಂದೇ ಸಲ ಬರೆದುಬಿಟ್ಟಿದ್ದೇನೆ. ಇಲ್ಲಿರುವ ಸಂಬಳದ ಅಂಕಿಗಳು ನಾನು ಕಂಡ ಮಧ್ಯಮ ಗಾತ್ರದ, ಇಪ್ಪತ್ತರಿಂದ ನಲವತ್ತು ಕೋಣೆಗಳ ರೆಸಾರ್ಟ್‌ಗಳವು. ದೊಡ್ಡ ಸರಪಳಿ ಹೋಟೆಲುಗಳಲ್ಲಿ ಇದಕ್ಕಿಂತ ಹೆಚ್ಚು ಸಿಗುತ್ತದೆ.

ಸೀಸನ್ ಎಂದರೆ ಯಾವ ಯಾವ ತಿಂಗಳು?

ದಸರಾ ರಜೆಯಿಂದ ಮೇ ಕೊನೆಯವರೆಗೆ. ಆದರೆ ಈ ಎಂಟು ತಿಂಗಳೂ ಒಂದೇ ಸಮನೆ ಓಡುವುದಿಲ್ಲ. ಡಿಸೆಂಬರ್ 20ರಿಂದ ಜನವರಿ 2ರವರೆಗೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ಮಕ್ಕಳ ಪರೀಕ್ಷೆ, ವಾರದ ಮಧ್ಯೆ ಕೋಣೆಗಳು ಖಾಲಿ. ಏಪ್ರಿಲ್, ಮೇ ತಿಂಗಳಲ್ಲಿ ಮತ್ತೆ ಭರ್ತಿ. ಚಿಕ್ಕಮಗಳೂರಿನಲ್ಲಿ ಡಿಸೆಂಬರಿನ ದತ್ತ ಜಯಂತಿಯ ಹೊತ್ತಿಗೆ ಗಿರಿಭಾಗಕ್ಕೆ ಪ್ರವಾಸಿಗರನ್ನು ಬಿಡದ ಕೆಲವು ದಿನಗಳಿರುತ್ತವೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಈಚಿನ ವರ್ಷಗಳಲ್ಲಿ ಮಳೆ ನೋಡಲೆಂದೇ ಬೆಂಗಳೂರಿನವರು ಬರತೊಡಗಿದ್ದಾರೆ. ಹಾಗಾಗಿ ಜುಲೈ, ಆಗಸ್ಟ್‌ನ ಶನಿವಾರ, ಭಾನುವಾರಗಳಿಗೂ ಸ್ವಲ್ಪ ಜೀವ ಬಂದಿದೆ.

ಯಾವ ಕೆಲಸಕ್ಕೆ ಎಷ್ಟು ಸಂಬಳ?

ಅನುಭವವಿಲ್ಲದ ರೂಂ ಬಾಯ್, ಪಾತ್ರೆ ತೊಳೆಯುವವರು, ತೋಟದ ಕೆಲಸದವರಿಗೆ ತಿಂಗಳಿಗೆ 12ರಿಂದ 15 ಸಾವಿರ. ಊಟ ಬಡಿಸುವ ಸ್ಟೀವರ್ಡ್‌ಗೆ 13ರಿಂದ 17. ಇಂಗ್ಲಿಷ್, ಹಿಂದಿ ಎರಡೂ ಸಲೀಸಾಗಿ ಬಂದರೆ ಮೇಲಿನ ತುದಿ, ಇಲ್ಲವಾದರೆ ಕೆಳಗಿನದು. ಅಡುಗೆಮನೆಯಲ್ಲಿ ಹೊಸ ಕಮಿಗೆ, ಅಂದರೆ ಕಿರಿಯ ಅಡುಗೆಯವನಿಗೆ, 14ರಿಂದ 18. ತಂದೂರ್ ಹಿಡಿಯಬಲ್ಲವನಿಗೆ 22ರಿಂದ 28, ಅವನನ್ನು ಕಳೆದುಕೊಳ್ಳಲು ಯಾವ ಮಾಲೀಕರೂ ಒಪ್ಪುವುದಿಲ್ಲ. ಫ್ರಂಟ್ ಆಫೀಸಿನಲ್ಲಿ 16ರಿಂದ 22. ಮಸಾಜ್ ಕಲಿತ ಸ್ಪಾ ಸಿಬ್ಬಂದಿಗೆ ಸಂಬಳ ಕಡಿಮೆಯಿದ್ದರೂ ಪ್ರತಿ ಗಿರಾಕಿಗೆ ಕಮಿಷನ್ ಇರುತ್ತದೆ.

ಹೋಟೆಲ್ ಉದ್ಯಮಕ್ಕೆ ರಾಜ್ಯ ಸರ್ಕಾರ ನಿಗದಿ ಮಾಡಿದ ಕನಿಷ್ಠ ವೇತನವಿದೆ. ಅದರ ತುಟ್ಟಿಭತ್ಯೆಯ ಭಾಗ ಪ್ರತಿ ಏಪ್ರಿಲ್ 1ಕ್ಕೆ ಬದಲಾಗುತ್ತದೆ. ಆ ವರ್ಷದ ದರಪಟ್ಟಿಯನ್ನು ಕಾರ್ಮಿಕ ಇಲಾಖೆಯ ಜಾಲತಾಣದಲ್ಲಿ ನೋಡಿಕೊಂಡು ಹೋಗಿ. ಏಪ್ರಿಲ್ ಬಂದರೂ ಸಂಬಳ ಕದಲದಿದ್ದರೆ ಕೇಳುವ ಹಕ್ಕು ನಿಮಗಿದೆ. ಹೆಚ್ಚಿನ ಹುಡುಗರು ಕೇಳುವುದಿಲ್ಲ, ಏಕೆಂದರೆ ಅಂಥದ್ದೊಂದು ಪಟ್ಟಿಯಿದೆ ಎಂದೇ ಅವರಿಗೆ ಗೊತ್ತಿರುವುದಿಲ್ಲ.

ಫೋನಿನಲ್ಲಿ 19 ಸಾವಿರ ಎಂದರು, ಖಾತೆಗೆ 13 ಸಾವಿರ ಬಿತ್ತು. ಮೋಸವೇ?

ಪೂರ್ತಿ ಮೋಸವಲ್ಲ, ಪೂರ್ತಿ ನಿಜವೂ ಅಲ್ಲ. ನನ್ನ ಕೆಳಗೆ ಸೇರಿದ ಹುಡುಗನೊಬ್ಬ ಮೊದಲ ತಿಂಗಳ ಸಂಬಳದ ಚೀಟಿ ಹಿಡಿದು ಲಿನನ್ ಕೋಣೆಗೆ ಬಂದು ಅಳುವುದೊಂದು ಬಾಕಿ. ಅವನ ಚೀಟಿಯ ಲೆಕ್ಕ ಹೀಗಿತ್ತು.

ಮೂಲ ವೇತನ, ತುಟ್ಟಿಭತ್ಯೆ ಸೇರಿ 13,000. ಬೇರೆ ಭತ್ಯೆ 2,000. ಒಟ್ಟು 15,000. ಇದರಲ್ಲಿ ಭವಿಷ್ಯ ನಿಧಿಗೆ (ಪಿಎಫ್) 13,000ದ ಶೇ 12, ಅಂದರೆ 1,560 ಕಡಿತ. ಕಾರ್ಮಿಕರ ಆರೋಗ್ಯ ವಿಮೆಯಾದ ಇಎಸ್‌ಐಗೆ 15,000ದ ಶೇ 0.75, ಅಂದರೆ 113. ಕೈಗೆ ಬಂದದ್ದು 13,327. ಹಾಗಾದರೆ 19 ಸಾವಿರ ಎಲ್ಲಿಂದ ಬಂತು? ಭವಿಷ್ಯ ನಿಧಿಗೆ ಮಾಲೀಕರು ಕಟ್ಟುವ ಪಾಲು, ಅದರ ಆಡಳಿತ ಶುಲ್ಕ, ವಿಮೆ ಎಲ್ಲ ಸೇರಿ 1,690. ಇಎಸ್‌ಐಗೆ ಅವರು ಕಟ್ಟುವ ಶೇ 3.25, ಅಂದರೆ 488. ಅದರ ಮೇಲೆ ‘ಊಟ, ವಸತಿಯ ಮೌಲ್ಯ’ ಎಂದು 2,000. 15,000ಕ್ಕೆ ಇವನ್ನೆಲ್ಲ ಕೂಡಿಸಿದರೆ 19,178. ಕರೆ ಮಾಡಿದವರು ಹೇಳಿದ್ದು ಈ ಸಿಟಿಸಿ ಅಂಕಿಯನ್ನು, ಅಂದರೆ ನಿಮಗಾಗಿ ಮಾಲೀಕರಿಗೆ ತಗಲುವ ಒಟ್ಟು ಖರ್ಚನ್ನು.

ಆದ್ದರಿಂದ ಫೋನಿನಲ್ಲಿ ಕೇಳಬೇಕಾದದ್ದು “ಸಂಬಳ ಎಷ್ಟು?” ಎಂದಲ್ಲ, “ಎಲ್ಲ ಕಡಿತ ಕಳೆದು ಬ್ಯಾಂಕ್ ಖಾತೆಗೆ ಎಷ್ಟು ಬೀಳುತ್ತದೆ?” ಎಂದು. ಇನ್ನೊಂದು ಮಾತು: ವೃತ್ತಿ ತೆರಿಗೆ ಎಂದು 200 ರೂಪಾಯಿ ಹಿಡಿದರೆ ಪ್ರಶ್ನಿಸಿ. 2023ರ ಏಪ್ರಿಲ್‌ನಿಂದ ಕರ್ನಾಟಕದಲ್ಲಿ ತಿಂಗಳಿಗೆ 25,000ಕ್ಕಿಂತ ಕಡಿಮೆ ಸಂಬಳದವರಿಗೆ ಆ ತೆರಿಗೆ ಇಲ್ಲ.

ಪಿಎಫ್ ಬೇಡ, ಆ ದುಡ್ಡನ್ನೂ ಕೈಗೇ ಕೊಡಿ ಎನ್ನಬಹುದೇ?

ಹುಡುಗರೂ ಕೇಳುತ್ತಾರೆ, ಕೆಲವು ಮಾಲೀಕರೂ ಸಂತೋಷದಿಂದ ಒಪ್ಪುತ್ತಾರೆ; ಅವರ ಪಾಲೂ ಉಳಿಯಿತಲ್ಲ! ಇಪ್ಪತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ, 15,000ದವರೆಗಿನ ವೇತನದವರಿಗೆ ಪಿಎಫ್ ಕಡ್ಡಾಯ. ನೀವು 1,560 ಕಟ್ಟಿದರೆ ಮಾಲೀಕರೂ 1,560 ಕಟ್ಟಬೇಕು. ಬೇಡವೆಂದರೆ ಬಿಟ್ಟುಕೊಡುವುದು ಅವರ ದುಡ್ಡನ್ನು. ಸೀಸನ್ ಕೆಲಸದವರು ಮಾಡುವ ನಿಜವಾದ ತಪ್ಪು ಬೇರೆ: ರೆಸಾರ್ಟ್ ಬದಲಿಸಿದಾಗಲೆಲ್ಲ ಹೊಸ ಯುಎಎನ್ (ಪಿಎಫ್ ಸದಸ್ಯನ ಕಾಯಂ ಸಂಖ್ಯೆ) ಮಾಡಿಸುವುದು. ಒಂದೇ ಸಂಖ್ಯೆ ಸಾಯುವವರೆಗೆ. ಪಿಂಚಣಿಗೆ ಒಟ್ಟು ಹತ್ತು ವರ್ಷದ ಸೇವೆ ಬೇಕು. ಚೂರು ಚೂರು ಖಾತೆಗಳಲ್ಲಿ ಅದು ಕೂಡುವುದಿಲ್ಲ.

ಇಎಸ್‌ಐ ವಿಷಯದಲ್ಲೂ ಅಷ್ಟೇ. 21,000ದವರೆಗಿನ ಸಂಬಳದವರಿಗೆ ಅದು ಅನ್ವಯ. ಒದ್ದೆ ಹೆಂಚಿನ ಮೆಟ್ಟಿಲ ಮೇಲೆ ಲಗೇಜ್ ಹೊತ್ತು ಜಾರಿ ಬಿದ್ದವನ ಕಾಲಿಗೆ ರಾಡ್ ಹಾಕಿಸಿದ ದಿನ ತಿಂಗಳ 113 ರೂಪಾಯಿಯ ಬೆಲೆ ನನಗೆ ಗೊತ್ತಾಯಿತು.

ಊಟ, ವಸತಿ ಉಚಿತ ಎನ್ನುತ್ತಾರಲ್ಲ?

ಹೌದು, ಬೆಟ್ಟದ ಕೆಲಸದ ದೊಡ್ಡ ಲಾಭವೇ ಅದು. ಬೆಂಗಳೂರಿನಲ್ಲಿ 18 ಸಾವಿರ ಪಡೆದು ಪಿ.ಜಿ.ಗೆ 7 ಸಾವಿರ ಕಟ್ಟುವವನಿಗಿಂತ ಇಲ್ಲಿ 13 ಸಾವಿರ ಪಡೆಯುವವನ ಕೈಯಲ್ಲಿ ಹೆಚ್ಚು ನಿಲ್ಲುತ್ತದೆ. ಆದರೆ ‘ಸ್ಟಾಫ್ ಕ್ವಾರ್ಟರ್ಸ್’ ಎಂದರೆ ಏನು ಎಂಬುದನ್ನು ನೋಡಿಯೇ ಒಪ್ಪಿ. ಕೆಲವು ಕಡೆ ಅದು ಹಳೆಯ ತೋಟದ ಲೈನ್ ಮನೆ: ಒಂದು ಕೋಣೆಯಲ್ಲಿ ಆರು ಮಂಚ, ಹೊರಗೆ ಬಚ್ಚಲು, ಬಿಸಿನೀರಿಗೆ ಸೌದೆ ಒಲೆ. ಡಿಸೆಂಬರಿನ ಬೆಳಗಿನ ಐದು ಗಂಟೆಗೆ ಮಡಿಕೇರಿಯ ಕೊಳಾಯಿ ನೀರು ಮುಖಕ್ಕೆ ಬಿದ್ದರೆ ಹಿಂದಿನ ಜನ್ಮದ್ದೂ ನೆನಪಾಗುತ್ತದೆ.

ಸಾರಿನ ಬಣ್ಣ ನೋಡಿ ರೆಸಾರ್ಟ್ ಹೇಗಿದೆ ಎಂದು ಹೇಳಬಲ್ಲೆ. ಸಿಬ್ಬಂದಿಯ ಊಟ ಕೆಟ್ಟದಾಗಿದ್ದರೆ ಹುಡುಗರು ಸಂಜೆ ಕ್ಯಾಂಟೀನಿಗೆ ಓಡುತ್ತಾರೆ. ದಿನಕ್ಕೆ 60 ರೂಪಾಯಿ ಎಂದರೂ ತಿಂಗಳಿಗೆ 1,800. ಉಚಿತ ಊಟದ ಅರ್ಧ ಲಾಭ ಅಲ್ಲಿಗೇ ಹೋಯಿತು.

ಟಿಪ್ಸ್ ಎಷ್ಟು ಬರುತ್ತದೆ?

ಎಲ್ಲರಿಗೂ ಕುತೂಹಲ ಇದರ ಮೇಲೆಯೇ. ನಾನಿದ್ದ ಕಡೆಯೆಲ್ಲ ಟಿಪ್ಸ್ ಬಾಕ್ಸ್ ಪದ್ಧತಿಯೇ ಇತ್ತು. ಗೆಸ್ಟ್ ಯಾರ ಕೈಗೇ ಕೊಡಲಿ, ಅದು ಬೀಗ ಹಾಕಿದ ಡಬ್ಬಿಗೆ ಬೀಳಬೇಕು. ತಿಂಗಳ 5ನೇ ತಾರೀಖು ರಾತ್ರಿ ಡಿನ್ನರ್ ಮುಗಿದ ಮೇಲೆ ಊಟದ ಹಾಲಿನ ದೊಡ್ಡ ಮೇಜಿನ ಮೇಲೆ ಡಬ್ಬಿ ಸುರಿಯುತ್ತಾರೆ. ಪ್ರತಿ ವಿಭಾಗದಿಂದ ಒಬ್ಬರು ಸುತ್ತ ನಿಲ್ಲುತ್ತಾರೆ. ಮಡಿಚಿದ ನೋಟುಗಳನ್ನು ಬಿಡಿಸಿ, ಗಾಜಿನ ಲೋಟದ ತಳದಿಂದ ಇಸ್ತ್ರಿ ಮಾಡಿದಂತೆ ಒತ್ತಿ, ಕಟ್ಟು ಕಟ್ಟುವುದು ಪಾತ್ರೆ ವಿಭಾಗದ ಅಜ್ಜನ ಕೆಲಸ. ಅವನ ಮೇಲೆ ಎಲ್ಲರಿಗೂ ನಂಬಿಕೆ.

ಹಂಚಿಕೆ ಪಾಯಿಂಟ್ ಲೆಕ್ಕದಲ್ಲಿ. ಸ್ಟೀವರ್ಡ್‌ಗಳ ಮೇಲಿನ ಕ್ಯಾಪ್ಟನ್‌ಗೆ 5, ಸ್ಟೀವರ್ಡ್‌ಗೆ 4, ರೂಂ ಬಾಯ್‌ಗೆ 3, ಅಡುಗೆಮನೆಗೆ 3, ಪಾತ್ರೆ ತೊಳೆಯುವವರಿಗೆ 1.5. ಒಂದು ಜನವರಿಯಲ್ಲಿ ಡಿಸೆಂಬರಿನ ಡಬ್ಬಿ ಒಡೆದಾಗ 61,400 ಸಿಕ್ಕಿತ್ತು, ಒಟ್ಟು 142 ಪಾಯಿಂಟ್. ಒಂದು ಪಾಯಿಂಟಿಗೆ 432. ಸ್ಟೀವರ್ಡ್‌ಗೆ 1,728, ಆ ಅಜ್ಜನಿಗೆ 648. ಅದೇ ವರ್ಷದ ಜುಲೈನಲ್ಲಿ ಡಬ್ಬಿಯಲ್ಲಿದ್ದದ್ದು 9,200, ಪಾಯಿಂಟ್ 110; ಸ್ಟೀವರ್ಡ್‌ಗೆ 334. ‘ಟಿಪ್ಸೇ ಹತ್ತು ಸಾವಿರ ಬರುತ್ತದೆ’ ಎಂದು ಆಸೆ ಹುಟ್ಟಿಸುವ ಏಜೆಂಟನ ಮಾತನ್ನು ಈ ಲೆಕ್ಕದ ಪಕ್ಕ ಇಟ್ಟು ನೋಡಿ. ಒಂದೂವರೆ ಪಾಯಿಂಟಿನ ಅನ್ಯಾಯದ ಬಗ್ಗೆ ನಾನು ಎರಡು ಕಡೆ ಜಗಳವಾಡಿದ್ದೇನೆ. ಒಂದು ಕಡೆ ಎರಡಕ್ಕೆ ಏರಿತು, ಇನ್ನೊಂದು ಕಡೆ ನನ್ನ ಶಿಫ್ಟ್ ಬದಲಾಯಿತು.

ಈಗ ಗೆಸ್ಟ್‌ಗಳು ಯುಪಿಐನಲ್ಲಿ ಟಿಪ್ಸ್ ಹಾಕುತ್ತಾರೆ. ಆ ಹಣ ಯಾರ ಖಾತೆಗೆ ಹೋಗುತ್ತದೆ, ಡಬ್ಬಿಗೆ ಸೇರುತ್ತದೆಯೇ ಎಂದು ಮೊದಲ ವಾರವೇ ಕೇಳಿಕೊಳ್ಳಿ.

ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಇರುತ್ತದಲ್ಲ, ಅದರಲ್ಲಿ ಪಾಲಿಲ್ಲವೇ?

ಕೆಲವು ಕಡೆ ಇತ್ತು. 2022ರ ಜುಲೈನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ, ಬಿಲ್ಲಿಗೆ ತಾನಾಗಿಯೇ ಸರ್ವಿಸ್ ಚಾರ್ಜ್ ಸೇರಿಸುವಂತಿಲ್ಲ ಎಂದು ಮಾರ್ಗಸೂಚಿ ಹೊರಡಿಸಿತು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಈಗ ಗೆಸ್ಟ್ ಇಷ್ಟಪಟ್ಟರೆ ಮಾತ್ರ. ಹಾಗಾಗಿ ‘ಸಂಬಳ ಜತೆಗೆ ಸರ್ವಿಸ್ ಚಾರ್ಜ್’ ಎಂದು ಹೇಳುವವರ ಮಾತಿನಲ್ಲಿ ಎರಡನೆಯದನ್ನು ಸೊನ್ನೆ ಎಂದೇ ಬರೆದುಕೊಳ್ಳಿ. ಬಂದರೆ ಲಾಭ.

ದಿನಕ್ಕೆ ಎಷ್ಟು ಗಂಟೆ ದುಡಿಸುತ್ತಾರೆ? ಓಟಿ ಕೊಡುತ್ತಾರೆಯೇ?

ಕಾಗದದಲ್ಲಿ ದಿನಕ್ಕೆ ಒಂಬತ್ತು ಗಂಟೆ, ವಾರಕ್ಕೆ 48. ನಡೆಯುವುದು ಬ್ರೇಕ್ ಶಿಫ್ಟ್: ಬೆಳಿಗ್ಗೆ 7ರಿಂದ 11, ಮತ್ತೆ ಸಂಜೆ 6ರಿಂದ ರಾತ್ರಿ 11. ಲೆಕ್ಕಕ್ಕೆ ಒಂಬತ್ತೇ ಗಂಟೆ, ಆದರೆ ಮೈ ಹದಿನಾರು ಗಂಟೆ ಸಮವಸ್ತ್ರದಲ್ಲೇ ಇರುತ್ತದೆ. ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ವಿರಾಮವೂ ಸೇರಿ ಕೆಲಸದ ಹರವು ಹನ್ನೆರಡು ಗಂಟೆ ಮೀರಬಾರದು. ಹೆಚ್ಚುವರಿ ಗಂಟೆಗೆ ಎರಡು ಪಟ್ಟು ವೇತನ ಕೊಡಬೇಕು. ಹೆಚ್ಚಿನ ಕಡೆ ಹಣದ ಬದಲು ‘ಕಾಂಪ್ ಆಫ್’ ಎಂದು ಬರೆದುಕೊಳ್ಳುತ್ತಾರೆ. ಆ ರಜೆಯನ್ನು ಜೂನ್‌ನಲ್ಲಿ, ಹೇಗೂ ಕೆಲಸವಿಲ್ಲದಾಗ ತೀರಿಸುತ್ತಾರೆ.

ಜನ ಮರೆಯುವ ಇನ್ನೊಂದು ಹಣವಿದೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1, ಜತೆಗೆ ಐದು ಹಬ್ಬಗಳು: ವರ್ಷಕ್ಕೆ ಹತ್ತು ದಿನ ಸಂಬಳ ಸಹಿತ ರಜೆ. ಆ ದಿನ ದುಡಿಸಿಕೊಂಡರೆ ಎರಡು ಪಟ್ಟು ವೇತನ, ಇಲ್ಲವೇ ಬದಲಿ ರಜೆ. ರೆಸಾರ್ಟ್ ತುಂಬುವುದೇ ಈ ದಿನಗಳಲ್ಲಿ. 15,000 ಸಂಬಳದವನಿಗೆ ದಿನಕ್ಕೆ 500ರಂತೆ ಇಟ್ಟರೂ ಸೀಸನ್ನಿಗೆ ನಾಲ್ಕೈದು ಸಾವಿರದ ಮಾತು. ನಾನು ಮೊದಲ ಮೂರು ವರ್ಷ ಕೇಳಲೇ ಇಲ್ಲ. ನಾಲ್ಕನೇ ವರ್ಷ ಪಕ್ಕದ ಮಂಚದ ಎಲೆಕ್ಟ್ರಿಷಿಯನ್ ಕೇಳಿ ಪಡೆದದ್ದನ್ನು ನೋಡಿ ಹೊಟ್ಟೆ ಉರಿಯಿತು.

ಹೊಸ ವರ್ಷದ ರಾತ್ರಿಗೆ ಮಾತ್ರ ಹೋಗಿ ಬರಬಹುದೇ?

ಬರಬಹುದು. ಹೋಟೆಲ್ ಮ್ಯಾನೇಜ್‌ಮೆಂಟ್ ಓದುವ ಮಕ್ಕಳನ್ನು ಮೈಸೂರು, ಮಂಗಳೂರಿನಿಂದ ಬಸ್ಸಿನಲ್ಲಿ ಕರೆತರುತ್ತಾರೆ. ದಿನಕ್ಕೆ 500ರಿಂದ 800, ಊಟ, ಹೋಗಿಬರುವ ಬಸ್. ಡಿಸೆಂಬರ್ 31ರಂದು ಡಿ.ಜೆ. ನಿಂತ ಮೇಲೆ ಹುಲ್ಲುಹಾಸಿನಿಂದ ಲೋಟ ಹೆಕ್ಕುವಷ್ಟರಲ್ಲಿ ಮೂರೂವರೆ ಗಂಟೆ. ಬಸ್ ಹತ್ತುವ ಮುಂಚೆ ದುಡ್ಡು ಎಣಿಸಿಕೊಳ್ಳಿ.

ಮಳೆಗಾಲದಲ್ಲಿ ಏನಾಗುತ್ತದೆ?

ಮೂರರಲ್ಲಿ ಒಂದು: ಪೂರ್ತಿ ಸಂಬಳದಲ್ಲಿ ಉಳಿಸಿಕೊಳ್ಳುತ್ತಾರೆ, ಅರ್ಧ ಜನರನ್ನು ‘ಊರಿಗೆ ಹೋಗಿ ಬನ್ನಿ’ ಎಂದು ಸಂಬಳವಿಲ್ಲದೆ ಕಳಿಸುತ್ತಾರೆ, ಅಥವಾ ಲೆಕ್ಕ ಚುಕ್ತಾ ಮಾಡುತ್ತಾರೆ. ಎರಡನೆಯದು ಅಪಾಯ. ಕೆಲಸದಲ್ಲಿದ್ದಂತೆಯೂ ಅಲ್ಲ, ಬಿಟ್ಟಂತೆಯೂ ಅಲ್ಲ. ಬೇರೆ ಕಡೆ ಸೇರಲು ಹೋದರೆ ಬಾಕಿ ಸಂಬಳ ಅಲ್ಲೇ ಸಿಕ್ಕಿಕೊಂಡಿರುತ್ತದೆ.

ಅದಲ್ಲದೆ ಬೆಟ್ಟ ಬೆಟ್ಟವೇ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಪ್ರವಾಸಿಗರ ಬರವು ಪೂರ್ತಿ ನಿಂತುಹೋಯಿತು. ರಸ್ತೆ ತೆರೆದ ಮೇಲೂ ಜನ ಹೆದರಿ ಬರಲಿಲ್ಲ. ಆ ದಸರಾಕ್ಕೆ ನಾವು ಹನ್ನೆರಡು ಜನ ಹುಡುಗರು ನಾಲ್ಕು ಕೋಣೆಗಳ ಗೆಸ್ಟ್‌ಗಳಿಗಾಗಿ ಕಾಯುತ್ತ ಕ್ಯಾರಂ ಆಡಿದೆವು. ವರ್ಷದ ಲೆಕ್ಕ ಹಾಕುವಾಗ ಇಂಥ ಒಂದು ತಿಂಗಳನ್ನು ಪಕ್ಕಕ್ಕೆ ಇಟ್ಟುಕೊಂಡಿರಿ.

ಸ್ಥಳೀಯ ಹುಡುಗರು ಡಿಸೆಂಬರಿನಲ್ಲೇ ಏಕೆ ಬಿಟ್ಟುಹೋಗುತ್ತಾರೆ?

ಕಾಫಿ. ಅರೇಬಿಕಾ ನವೆಂಬರ್ ಕೊನೆಯಿಂದ ಹಣ್ಣಾಗುತ್ತದೆ, ರೋಬಸ್ಟಾ ಜನವರಿ, ಫೆಬ್ರವರಿಯಲ್ಲಿ. ಕೊಯ್ಲಿಗೆ ಕೂಲಿ ಕೆ.ಜಿ. ಲೆಕ್ಕದಲ್ಲಿ. ಗಿಡ ತುಂಬ ಹಣ್ಣಿರುವ ತೋಟದಲ್ಲಿ, ಕೈ ಚುರುಕಿನ ಗಂಡ ಹೆಂಡತಿ ಒಟ್ಟಿಗೆ ಇಳಿದರೆ ಸಂಜೆ ಚೀಲ ತೂಗಿದಾಗ ಸಿಗುವ ಹಣ ರೂಂ ಬಾಯ್ ಒಬ್ಬನ ಎರಡು ಮೂರು ದಿನದ ಸಂಬಳಕ್ಕೆ ಸಮ. ಅದೂ ವಾರ ವಾರ ಕೈಗೆ. ರೆಸಾರ್ಟ್ ತುಂಬುವ ಹೊತ್ತಿಗೇ ತೋಟವೂ ಕರೆಯುತ್ತದೆ. ಅದಕ್ಕೇ ಮ್ಯಾನೇಜರ್‌ಗಳು ಅಸ್ಸಾಂ, ಒಡಿಶಾ, ನೇಪಾಳದ ಹುಡುಗರನ್ನು ಕರೆತರುವುದು. ನಿಮಗೆ ಇದರಿಂದ ಒಂದು ಅನುಕೂಲವಿದೆ: ಡಿಸೆಂಬರ್ ಮೊದಲ ವಾರ ಸೇರುವವರಿಗೆ ಸಂಬಳ ಮಾತನಾಡುವ ಬಲ ಸೆಪ್ಟೆಂಬರಿನಲ್ಲಿ ಬರುವವರಿಗಿಂತ ಹೆಚ್ಚು.

ಹೋಂಸ್ಟೇ ಒಳ್ಳೆಯದೇ, ರೆಸಾರ್ಟೇ?

ದುಡ್ಡಿಗೆ ರೆಸಾರ್ಟ್, ನೆಮ್ಮದಿಗೆ ಒಮ್ಮೊಮ್ಮೆ ಹೋಂಸ್ಟೇ. ಹೋಂಸ್ಟೇಯಲ್ಲಿ ಪಿಎಫ್, ಬೋನಸ್ ಮಾತೇ ಇಲ್ಲ. ಅಡುಗೆ, ಕೋಣೆ, ಕ್ಯಾಂಪ್ ಫೈರ್ ಎಲ್ಲವೂ ನೀವೇ. ಆದರೆ ಮನೆಯವರು ತಿನ್ನುವುದನ್ನೇ ನೀವೂ ತಿನ್ನುತ್ತೀರಿ, ಗೆಸ್ಟ್ ಕೊಟ್ಟ ಟಿಪ್ಸ್ ಯಾವ ಡಬ್ಬಿಗೂ ಹೋಗದೆ ನೇರ ಜೇಬಿಗೆ ಬರುತ್ತದೆ.

ಲೋಟ, ತಟ್ಟೆ ಒಡೆದರೆ ಸಂಬಳದಲ್ಲಿ ಹಿಡಿಯಬಹುದೇ?

‘ಬ್ರೇಕೇಜ್’ ಎಂದು ಎಲ್ಲರ ಸಂಬಳದಲ್ಲೂ ತಲಾ ಇನ್ನೂರು ಹಿಡಿಯುವ ಪದ್ಧತಿ ನೋಡಿದ್ದೇನೆ. ಅದಕ್ಕೆ ಕಾನೂನಿನ ಬೆಂಬಲವಿಲ್ಲ. ನಿಮ್ಮದೇ ಅಲಕ್ಷ್ಯದಿಂದ ನಷ್ಟವಾಗಿದ್ದರೆ, ನಿಮ್ಮ ಮಾತು ಕೇಳಿದ ಮೇಲೆ, ಆ ನಷ್ಟದಷ್ಟು ಮಾತ್ರ ಹಿಡಿಯಬಹುದು.

ಸೀಸನ್ ಮಧ್ಯೆ ಬಿಟ್ಟರೆ ಬಾಕಿ ಹಣ ಸಿಗುತ್ತದೆಯೇ?

ಸಿಗಬೇಕು. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ, ರಾಜೀನಾಮೆ ಕೊಟ್ಟರೂ ತೆಗೆದುಹಾಕಿದರೂ ಎರಡು ಕೆಲಸದ ದಿನಗಳೊಳಗೆ ವೇತನ ಚುಕ್ತಾ ಮಾಡಬೇಕು. ‘45 ದಿನ ಬಿಟ್ಟು ಬನ್ನಿ’ ಎನ್ನುವುದು ಹಳೆಯ ಚಾಳಿ. ಬೋನಸ್ ಬಗ್ಗೆಯೂ ತಿಳಿದಿರಲಿ: ಆ ಲೆಕ್ಕವರ್ಷದಲ್ಲಿ 30 ದಿನ ದುಡಿದಿದ್ದರೆ ಸಾಕು, ಬೋನಸ್ ಕಾನೂನಿಗೆ ಒಳಪಟ್ಟ ರೆಸಾರ್ಟಿನಲ್ಲಿ ಕನಿಷ್ಠ ಶೇ 8.33ರ ದರದಲ್ಲಿ ನಿಮಗೂ ಪಾಲಿದೆ. ಮೇ ತಿಂಗಳಲ್ಲಿ ಬಿಟ್ಟುಬಂದವರು ದೀಪಾವಳಿಗೆ ಫೋನ್ ಮಾಡಿ ಕೇಳುವುದಿಲ್ಲ, ಮಾಲೀಕರು ತಾವಾಗಿ ನೆನಪಿಸುವುದಿಲ್ಲ. ಕೊಡದಿದ್ದರೆ ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರಿಗೆ ಅರ್ಜಿ ಕೊಡಿ; ಜತೆಗೆ ಹಾಜರಿಯ ಫೋಟೊ, ಬ್ಯಾಂಕ್ ಸ್ಟೇಟ್‌ಮೆಂಟ್ ಇರಲಿ. ಡ್ಯೂಟಿ ರೋಸ್ಟರ್ ಗೋಡೆಗೆ ಅಂಟಿಸಿದ ದಿನವೇ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ.

ಊಟಿ ಕಡೆ ಹೇಗೆ?

ಸಂಬಳ ಹೆಚ್ಚು ಕಡಿಮೆ ಇಷ್ಟೇ. ಏಪ್ರಿಲ್, ಮೇ ಅಲ್ಲಿ ಮೊದಲ ಸೀಸನ್, ಸೆಪ್ಟೆಂಬರ್, ಅಕ್ಟೋಬರ್ ಎರಡನೆಯದು. ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ 7ರಿಂದ ನೀಲಗಿರಿಗೆ ಇ-ಪಾಸ್ (ಪ್ರವಾಸಿಗರು ಮೊದಲೇ ಆನ್‌ಲೈನಿನಲ್ಲಿ ಪಡೆಯಬೇಕಾದ ಅನುಮತಿ) ಬಂದಿದೆ. ಗುಂಡ್ಲುಪೇಟೆಯಿಂದ ಹೋಗುವ ಹುಡುಗರು ಹೇಳುವಂತೆ ಹೇಳದೆ ಕೇಳದೆ ಬಂದು ಕೋಣೆ ಕೇಳುವ ಗಿರಾಕಿ ಕಡಿಮೆಯಾಗಿದ್ದಾನೆ.

ಸ್ವಿಟ್ಜರ್‌ಲೆಂಡಿನ ಸ್ಕೀ ರೆಸಾರ್ಟ್‌ನಲ್ಲಿ ನಾಲ್ಕು ಲಕ್ಷ ಸಂಬಳವಂತೆ, ನಿಜವೇ?

ಅಂಕಿ ನಿಜ. ಅಲ್ಲಿ ಹೋಟೆಲ್ ಉದ್ಯಮಕ್ಕೆ ದೇಶವ್ಯಾಪಿ ವೇತನ ಒಪ್ಪಂದವಿದೆ. ತರಬೇತಿಯಿಲ್ಲದವರಿಗೆ 2025ರ ಕನಿಷ್ಠ ವೇತನ ತಿಂಗಳಿಗೆ 3,706 ಫ್ರಾಂಕ್, ಸೀಸನ್ ಹೋಟೆಲುಗಳಲ್ಲಿ ವಾರಕ್ಕೆ 43.5 ಗಂಟೆ, ಹದಿಮೂರನೇ ತಿಂಗಳ ಸಂಬಳ ಬೇರೆ. ಆದರೆ ಊಟ, ಕೋಣೆ ಅಲ್ಲಿ ಉಚಿತವಲ್ಲ. ಸಾಮಾನ್ಯ ದರದಂತೆ ತಿಂಗಳಿಗೆ 990 ಫ್ರಾಂಕ್ ಹಿಡಿಯುತ್ತಾರೆ. ಆರೋಗ್ಯ ವಿಮೆಯನ್ನು ನಾವೇ ಕಟ್ಟಬೇಕು.

ದುಡ್ಡಿಗಿಂತ ದೊಡ್ಡ ತೊಡಕು ಪರವಾನಗಿ. ಇಂಥ ಕೆಲಸಗಳು ಸ್ವಿಸ್ ಮತ್ತು ಯುರೋಪಿನವರಿಗೆ ಮೀಸಲಿದ್ದಂತೆ. ನಮ್ಮವರಿಗೆ ದಾರಿ ಇರುವುದು ಅಲ್ಲಿನ ಹೋಟೆಲ್ ಶಾಲೆಯಲ್ಲಿ ಓದುತ್ತ ಇಂಟರ್ನ್ ಆಗಿ, ಅಥವಾ ಭಾರತೀಯ ಅಡುಗೆಯಲ್ಲಿ ವರ್ಷಗಟ್ಟಲೆ ಪಳಗಿದ ಬಾಣಸಿಗನಾಗಿ, ಅದೂ ಹಲವು ಷರತ್ತುಗಳ ಮೇಲೆ. ರೂಂ ಬಾಯ್ ವೀಸಾ ಮಾಡಿಸುತ್ತೇನೆ, ಮೂರು ಲಕ್ಷ ಕೊಡಿ ಎನ್ನುವವನ ಫೋನ್ ಇಟ್ಟುಬಿಡಿ. ವಿದೇಶಕ್ಕೆ ಜನ ಕಳಿಸುವ ಏಜೆಂಟ್ ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿಸಿರಬೇಕು. ಅವರು ಪಡೆಯಬಹುದಾದ ಸೇವಾ ಶುಲ್ಕ 30,000 ರೂಪಾಯಿ, ಜತೆಗೆ ಜಿಎಸ್‌ಟಿ.

ಕೊನೆಗೆ ಒಂದು ಸೀಸನ್ನಿಗೆ ಎಷ್ಟು ಉಳಿಯುತ್ತದೆ?

ಆ ಅಳುಮುಖದ ಹುಡುಗನ ಲೆಕ್ಕವನ್ನೇ ಮುಂದುವರಿಸೋಣ. 13,327ರಂತೆ ಎಂಟು ತಿಂಗಳಿಗೆ 1,06,616. ಟಿಪ್ಸ್ ಸರಾಸರಿ 900ರಂತೆ 7,200. ಒಟ್ಟು 1,13,816. ರೀಚಾರ್ಜ್, ಸೋಪು, ಕ್ಯಾಂಟೀನ್, ಊರಿಗೆ ಬಸ್ಸು ಎಂದು ತಿಂಗಳಿಗೆ 3,500ರಂತೆ 28,000 ಕಳೆಯಿರಿ. 85,816 ಉಳಿಯಿತು. ಇದನ್ನು ಎಂಟರಿಂದ ಭಾಗಿಸಬೇಡಿ, ಹನ್ನೆರಡರಿಂದ ಭಾಗಿಸಿ: ತಿಂಗಳಿಗೆ 7,151. ಮಳೆಗಾಲದ ನಾಲ್ಕು ತಿಂಗಳು ನಿಮಗೆ ಊರಿನಲ್ಲಿ ಹೊಲವೋ ಬೇರೆ ಕೂಲಿಯೋ ಇದ್ದರೆ ಇದು ಒಳ್ಳೆಯ ದುಡಿಮೆ. ಇಲ್ಲದಿದ್ದರೆ ಮೈಸೂರಿನಲ್ಲಿ ವರ್ಷವಿಡೀ ನಡೆಯುವ ಹೋಟೆಲನ್ನೂ ಒಮ್ಮೆ ವಿಚಾರಿಸಿ ನೋಡಿ.

ಆ ಹುಡುಗ ಅಂದು ಲಿನನ್ ಕೋಣೆಯಲ್ಲಿ ದಿಂಬಿನ ಚೀಲದ ಚೀಟಿಯ ಹಿಂದೆ ಇದನ್ನೆಲ್ಲ ಬರೆದುಕೊಂಡ. ಒಂದು ಸೀಸನ್ ಮುಗಿಸಿ ತಂದೂರಿಗೆ ಸಹಾಯಕನಾಗಿ ಸೇರಿದ. ಈಗ ಅವನ ಸಂಬಳ ನನ್ನದಕ್ಕಿಂತ ಎರಡು ಸಾವಿರ ಹೆಚ್ಚು.